ದೇವರ ಚಿತ್ರದ ಹಿಂದೆ ಓಡುತ್ತಿದ್ದ ಸಾಲುಗಳು

ಬ್ಯಾಡಗಿಯ ಅಕ್ಕನ ಮನೆಯಲ್ಲಿ ಕಂಪ್ಯೂಟರ್ ಶುರುವಾದರೆ ತೆರೆಯ ತುಂಬ ದೇವರ ಚಿತ್ರ. ಲಿನಕ್ಸ್ ತಂತ್ರಾಂಶದ ಯಂತ್ರ ಏಳುವಾಗ ಯಾವ ಭಾಗ ಸಿಕ್ಕಿತು, ಯಾವುದು ಸಿಗಲಿಲ್ಲ ಎಂದು ಸಾಲುಸಾಲಾಗಿ ಒದರುತ್ತದೆ. ಅದನ್ನು ಕಂಡು ಗಿರಾಕಿ ಗಾಬರಿಯಾಗಬಾರದೆಂದು ರಾಣೇಬೆನ್ನೂರಿನ ರಿಪೇರಿಯವನು ಚಿತ್ರ ಹೊದಿಸಿದ್ದ. ಅಕ್ಕನ ಗಂಡ, ನಮ್ಮ ಕಡೆಯ ಮಾತಿನಲ್ಲಿ ಮಾವ, ದಿನಾ ಮುಂಜಾನೆ ಅದಕ್ಕೆ ಕೈಮುಗಿಯುತ್ತಿದ್ದರು. ರೋಗಿಯ ಬಾಯಿಗೆ ಬಟ್ಟೆ ತುರುಕಿ ಹಣೆಗೆ ವಿಭೂತಿ ಹಚ್ಚುವ ಚಿಕಿತ್ಸೆ ಇದು.

ಆ ವರ್ಷದ ಆಯುಧಪೂಜೆಯಲ್ಲಿ ಮಾವ ಕಂಪ್ಯೂಟರಿನ ಡಬ್ಬಿಯ ಮುಚ್ಚಳ ಬಿಚ್ಚಿ, ಮಾಹಿತಿ ಕೂಡಿಡುವ ಒಳಗಿನ ಎರಡೂ ಡಿಸ್ಕಿಗೆ ಕುಂಕುಮವಿಟ್ಟರು.

“ಹೊರಗ ಹಚ್ಚಿದ್ರ ಏನ್ ಬಂತು? ದುಡಿಯಾವು ಒಳಗಿನವು.”

ಹಬ್ಬಕ್ಕೆ ಬಂದಿದ್ದ ನಾನು ಮರುದಿನ ಮುಂಜಾನೆ ಹಾವೇರಿ ಬಸ್ಸು ಹಿಡಿಯುವ ಮೊದಲು ಮುಚ್ಚಳ ಬಿಚ್ಚಿ, ಕುಂಕುಮವನ್ನೆಲ್ಲ ಬಟ್ಟೆಯಿಂದ ತಿಕ್ಕಿ ಒರೆಸಿದೆ. ಒರೆಸುತ್ತ ವಿಜ್ಞಾನದ ಮೇಲೆ ಹತ್ತು ನಿಮಿಷ ಭಾಷಣ ಬೇರೆ.

ಎರಡು ದಿನಕ್ಕೆ ಅಕ್ಕನ ಫೋನು. ಯಂತ್ರ ದೇವರ ಚಿತ್ರ ತೋರಿಸಿ ಅಲ್ಲೇ ನಿಂತಿದೆ, ಮುಂದೆ ಹೋಗುತ್ತಿಲ್ಲ. ಕಾಗಿನೆಲೆ ಸುತ್ತಲ ಹಳ್ಳಿಗಳ ಅಡುಗೆಮನೆ ಮಾತುಗಳ ಬಗ್ಗೆ ಅವಳು ಮೂರು ವರ್ಷ ಬರೆದ ಪ್ರಬಂಧ ಎರಡನೇ ಡಿಸ್ಕಿನಲ್ಲಿದೆ, ಬೇರೆ ಪ್ರತಿ ಇಲ್ಲ, ಸೋಮವಾರ ವಿಶ್ವವಿದ್ಯಾಲಯಕ್ಕೆ ಕೊಡಬೇಕು. ರಿಪೇರಿಯವನು ನೋಡದೆಯೇ ತೀರ್ಪು ಕೊಟ್ಟಿದ್ದ: ಎಲ್ಲಾ ಅಳಿಸಿ ಹೊಸದಾಗಿ ಹಾಕಬೇಕು. ತಲೆನೋವೆಂದರೆ ತಲೆ ತೆಗೆಯುವ ಜಾಣ.

ನಾನು ಹೋದಾಗ ಮಾವ ಯಂತ್ರಕ್ಕೆ ನಿಂಬೆಹಣ್ಣು ನಿವಾಳಿಸುತ್ತಿದ್ದರು.

“ಬರ್ರಿ ವಕೀಲ್ ಸಾಹೇಬ್ರ. ದೃಷ್ಟಿ ಆಗೇತಿ ಇದಕ್ಕ.” ನನ್ನ ವಾದದ ಚಟಕ್ಕೆ ಅವರಿಟ್ಟ ಹೆಸರು ವಕೀಲ.

“ದೃಷ್ಟಿ ಅಲ್ರೀ ಮಾವಾರ, ನಿಮ್ಮ ಕುಂಕುಮ. ಯಂತ್ರದ ಬಾಯಿಂದನ ಕೇಳಸ್ತೇನಿ, ಕುಂದ್ರಿ.”

ಎಸ್ಕೇಪ್ ಗುಂಡಿ ಒತ್ತಿದೆ. ದೇವರು ಸರಿದರು; ಸಾಲುಗಳು ಕಂಡವು. ಎರಡನೇ ಡಿಸ್ಕಿಗಾಗಿ ಯಂತ್ರ ಒಂದೂವರೆ ನಿಮಿಷ ಕಾದು, ಸಿಗಲಿಲ್ಲ ಎಂದು ಬರೆದು ಕೈಚೆಲ್ಲಿತು.

“ಹಿಂದಿಂದೂ ಬರದಿಟ್ಟಿರತದೇನು?” ಅಕ್ಕ ಕೇಳಿದಳು.

“ಪ್ರತಿ ಸಲ ಎದ್ದಿದ್ದೂ ಐತಿ, ತಾಸು-ನಿಮಿಷದ ಸಮೇತ.” ಗೆದ್ದ ಉತ್ಸಾಹದಲ್ಲಿ ತೆರೆದೆ.

“ಹಬ್ಬದ ದಿನದ್ದು ಓದು,” ಎಂದಳು ಅಕ್ಕ.

ಪೂಜೆಯಾದ ಸಂಜೆ ಯಂತ್ರ ಎದ್ದಿತ್ತು. ಕುಂಕುಮ ಹೊತ್ತ ಎರಡನೇ ಡಿಸ್ಕ್ ತಕರಾರಿಲ್ಲದೆ ಸಿಕ್ಕಿತ್ತು. ಸಿಗದೇ ಹೋದದ್ದು ಮರುದಿನ ಮಧ್ಯಾಹ್ನದಿಂದ.

“ನಡುವ ಒಳಗ ಕೈ ಹಾಕಿದಾಂವ ಯಾರು ತಮ್ಮಾ?” ಎಂದಳು.

ಚರ್ಚಾಸ್ಪರ್ಧೆಗಳಲ್ಲಿ ಇಂಥ ಪ್ರಶ್ನೆಯಿಂದ ನುಣುಚಿಕೊಳ್ಳುವ ಆರು ದಾರಿ ಕಲಿತಿದ್ದೇನೆ. ಅಕ್ಕ ನನ್ನ ಮುಖ ನೋಡುತ್ತಿದ್ದಳು; ಆರನ್ನೂ ಬಿಟ್ಟೆ. ಮುಚ್ಚಳ ತೆಗೆದೆ. ನಾನು ತಿಕ್ಕಿದ ರಭಸಕ್ಕೆ ಎರಡನೇ ಡಿಸ್ಕಿನ ಕೇಬಲ್ ಅರ್ಧ ಕಿತ್ತು ಜೋತುಬಿದ್ದಿತ್ತು. ಒತ್ತಿ ಕೂಡಿಸಿದೆ. ಯಂತ್ರ ಎದ್ದಿತು, ಪ್ರಬಂಧ ತೆರೆಯಿತು.

“ವಕೀಲ್ರ, ನಮ್ಮ ಕುಂಕುಮ ಖುಲಾಸ್ ಆತಲ್ಲ?” ಎಂದರು ಮಾವ.

ಅಕ್ಕ ನಗಲಿಲ್ಲ. ಪ್ರಬಂಧವನ್ನು ಪೆನ್‌ಡ್ರೈವಿಗೆ ಇಳಿಸಿ, ಅದು ತೆರೆಯುತ್ತದೆಂದು ಎರಡು ಸಲ ನೋಡಿದ ಮೇಲೆ ಹೇಳಿದಳು: “ಆ ಚಿತ್ರ ತಗದು ಹೋಗು. ಸಾಲು ಕಾಣ್ಲಿ. ಮನ್ಯಾಗ ಯಾರ್ ಏನ್ ಮಾಡ್ಯಾರ ಅನ್ನೂದು ನನಗ ಗೊತ್ತಾಗಬೇಕು.”

ತೆಗೆದೆ. ಮಾವ ಈಗ ಆ ಸಾಲುಗಳಿಗೇ ಕೈಮುಗಿಯುತ್ತಾರೆ. ಓದುವವಳು ಅಕ್ಕ ಒಬ್ಬಳೇ.