ಕಾಕಾರ ಫೋನ್ ತೆರೆಯಲಿಲ್ಲ

ಗೆಳೆಯರೇ, ಇವತ್ತು ನಸುಕಿನಲ್ಲಿ ಮಾಳಮಡ್ಡಿಯ ನಮ್ಮ ಪಕ್ಕದ ಮನೆಯ ಸ್ಯಾಮ್ಯುವೆಲ್ ಕಾಕಾ ನಿದ್ದೆಯಲ್ಲೇ ತೀರಿಕೊಂಡರು. ಹೆಬ್ಬಳ್ಳಿಯಲ್ಲಿರುವ ಅವರ ಜೀವದ ಗೆಳೆಯ ಬಸಣ್ಣನವರಿಗೆ ತಿಳಿಸಬೇಕಿತ್ತು. ನಂಬರ್ ಇದ್ದದ್ದು ಕಾಕಾರ ಫೋನಿನಲ್ಲಿ ಮಾತ್ರ. ಅದರ ಪಿನ್ ಯಾರಿಗೂ ಗೊತ್ತಿರಲಿಲ್ಲ. ಅವರ ಮುಖ ತೋರಿಸಿದರೆ ತೆರೆಯುತ್ತಿತ್ತು.

ಮಗ ಡೇವಿಡ್ ಅಳುತ್ತಲೇ ಫೋನನ್ನು ಅಪ್ಪನ ಮುಖದ ಮುಂದೆ ಹಿಡಿದ. ‘ಮುಖ ಗುರುತಿಸಲಾಗಲಿಲ್ಲ’ ಎಂದು ಬಂತು.

“ಕಣ್ಣ ತೆರದಿರಬೇಕಂತ,” ಎನ್ನುತ್ತ ಅವನು ಅಪ್ಪನ ರೆಪ್ಪೆಯತ್ತ ಕೈ ಒಯ್ದ. ಕಾಕಾರ ಹೆಂಡತಿ, ನಮ್ಮ ಕಾಕೂ, ಆ ಕೈ ಹಿಡಿದುಕೊಂಡರು.

“ಬ್ಯಾಡೋ ಡೇವಿಡ್. ಅವರನ್ನ ಆರಾಮ ಮಲಗಾಕ ಬಿಡು.”

ನಾವೆಲ್ಲ ತಲೆ ತಗ್ಗಿಸಿದೆವು. ನಾನೇ ಬೈಕಿನಲ್ಲಿ ಹೆಬ್ಬಳ್ಳಿಗೆ ಹೋಗಿ ತಿಳಿಸುತ್ತೇನೆಂದು ಎದ್ದಾಗ ಅದೇ ಫೋನು ರಿಂಗಾಯಿತು. ಬಸಣ್ಣನವರದೇ ಕರೆ. ಕಾಕೂ ಎತ್ತಿ ಸ್ಪೀಕರಿಗೆ ಹಾಕಿದರು.

“ಯಾಕಪಾ ಸ್ಯಾಮಿ, ಇನ್ನೂ ಎದ್ದಿಲ್ಲೇನು?”

“ಇಲ್ರಿ ಬಸಣ್ಣ,” ಎಂದರು ಕಾಕೂ. “ಇನ್ನ ಅವರು ಏಳೂದಿಲ್ರಿ. ನೀವ ಲಗೂ ಬರ್ರಿ.”

“ಈಗ ಹೊಂಟೆನ್ರಿ,” ಎಂದು ಬಸಣ್ಣನವರು ಫೋನಿಟ್ಟರು.

ಕಳ್ಳರಿಗೆ ಹೆದರಿ ಫೋನಿಗೆ ಏನೆಲ್ಲ ಬೀಗ ಹಾಕಿಕೊಂಡಿದ್ದೇವೆ. ಪುಣ್ಯಕ್ಕೆ, ಬಂದ ಕರೆ ಎತ್ತುವುದಕ್ಕೆ ಅದು ಇನ್ನೂ ಯಾರ ಮುಖವನ್ನೂ ಕೇಳುತ್ತಿಲ್ಲ.