ಏರಿಯ ಕೆಳಗಿನ ಚಾದಂಗಡಿ

ಇವತ್ತು ಬೆಳಿಗ್ಗೆ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಬೆಲ್ಲದ ಡಬ್ಬಿ ಹುಡುಕುವಾಗ ಒಂದು ಪೊಟ್ಟಣ ಕೈಗೆ ಸಿಕ್ಕಿತು. ಕಾಗದದ ಲೋಟಗಳು. ಅರ್ಧ ಖಾಲಿಯಾದ ಪೊಟ್ಟಣಕ್ಕೆ ರಬ್ಬರ್ ಹಾಕಿ ಜೋಪಾನ ಮಾಡಿದವಳು ನಾನೇ. ಇಷ್ಟು ಸಣ್ಣ ವಸ್ತುವನ್ನು ನೋಡಿ ಮೈ ಉರಿಯುತ್ತದೆಯೇ ಎಂದು ನೀವು ಕೇಳಬಹುದು. ಉರಿಯುತ್ತದೆ. ಕೂಡ್ರಿ, ಹೇಳುತ್ತೇನೆ.

ಇವನ್ನು ತಂದಿಟ್ಟದ್ದು ಸುಧಾಳಿಗಾಗಿ. ನಾವಿಬ್ಬರೂ ಮಾನ್ವಿಯ ಒಂದೇ ಶಾಲೆಯಲ್ಲಿ ಕಲಿಸುವವರು. ಅವಳದು ಗುಡಿಯ ಪೂಜೆ ನಡೆಸುವ ಮನೆತನ, ಮಡಿ ಬಿಟ್ಟವರಲ್ಲ. ಹೊರಗಿನ ಲೋಟಕ್ಕೆ ಬಾಯಿ ಹಚ್ಚಳು, ಆದರೆ ಚಾ ಬಿಟ್ಟಿರಲಾರಳು. ಕಾಗದದ ಲೋಟ ಬಂದು ಅವಳ ಕಷ್ಟ ತೀರಿಸಿತು. ಯಾರ ಎಂಜಲೂ ಅಲ್ಲ, ಕುಡಿದು ಬಿಸಾಡಿದರಾಯಿತು. ನಮ್ಮ ಮನೆಗೆ ಬಂದಾಗಲೂ ಅದೇ. "ಕಾಗದದ್ದರಾಗ ಕೊಡ್ಲೇನು?" ಅಂತ ನಾನು ಕೇಳುವುದು, "ಹೂಂ ಬೇ" ಅಂತ ಅವಳು ಅನ್ನುವುದು. ಸಕ್ಕರೆ ಎಷ್ಟು ಹಾಕಲಿ ಎಂದು ಕೇಳಿದಷ್ಟೇ ಸಹಜವಾಗಿತ್ತು ಆ ಮಾತು.

ಮಾನ್ವಿಯಿಂದ ರಾಯಚೂರಿನ ಕಡೆಗೆ ಹೊಸ ರೈಲಿಗೆಂದು ಮಣ್ಣಿನ ಏರಿ ಹಾಕಿದ್ದಾರೆ. ಆಗಿನ್ನೂ ನಮ್ಮ ಕಡೆ ಹಳಿ ಬಿದ್ದಿರಲಿಲ್ಲ. ಹೋದ ಚಳಿಗಾಲದಲ್ಲಿ ಒಂದು ದಿನ ಸ್ಟಾಫ್ ರೂಮಿನಲ್ಲಿ ಸುಧಾ ಅಂದಳು: "ರೈಲು ಬಂದ ಮ್ಯಾಲ ಎಲ್ಲಾರೂ ಹೋಗ್ತಾರ. ಅದರಕಿಂತ ಮೊದಲ ನಾವು ಹೋಗೂಣು ನಡಿ, ಸೈಕಲ್ ಮ್ಯಾಲ."

ಹೆಡ್ಮಾಸ್ತರರು ನಕ್ಕರು. "ರಿಟೈರ್ ಆಗೂದ್ರಾಗ ಕಾಲು ಮುರಕೋಬೇಕಂತ ಮಾಡೀರೇನ್ರಿ?"

ಭಾನುವಾರ ನಸುಕಿಗೇ ಹೊರಟೆವು. ನನ್ನದು ಬುಟ್ಟಿ ಕಟ್ಟಿದ ಹಳೇ ಲೇಡೀಸ್ ಸೈಕಲ್ಲು. ಅವಳದು ಮಗಳ ಗೇರ್ ಸೈಕಲ್ಲು. ಗೇರು ಮುಟ್ಟಲು ಹೆದರಿ ದಾರಿಯುದ್ದಕ್ಕೂ ಒಂದರಲ್ಲೇ ತುಳಿದಳು. ಎತ್ತರದ ಸಪಾಟು ದಾರಿ, ಎರಡೂ ಕಡೆ ಕೆಳಗೆ ಹತ್ತಿ ಮತ್ತು ಮೆಣಸಿನಕಾಯಿ ಹೊಲ. ರೈಲಿನ ಕಿಟಕಿಯಿಂದ ಮುಂದೆ ಜನ ಏನು ನೋಡುವರೋ ಅದನ್ನು ನಾವು ಮೊದಲೇ ನೋಡಿಬಿಟ್ಟೆವು ಎಂದು ಹಿಗ್ಗಿದೆವು. ಸೀಟಿನ ಮೇಲೆ ಕೂತ ಭಾಗದ ಸಂಗತಿ ಬರೆಯುವಂಥದ್ದಲ್ಲ.

ಹಳ್ಳ ಬಂದಲ್ಲೆಲ್ಲ ಏರಿ ಥಟ್ಟನೆ ಮುಗಿಯುತ್ತಿತ್ತು, ಸೇತುವೆ ಇನ್ನೂ ಕಟ್ಟಿರಲಿಲ್ಲ. ಸೈಕಲ್ ಹಿಡಿದು ಇಳಿಯಬೇಕು, ಆಚೆ ದಂಡೆಗೆ ನೂಕಿಕೊಂಡು ಏರಬೇಕು. ಅಂಥದೊಂದು ಕಡೆ ಇಳಿದರೆ ಕೆಳಗೆ ತಗಡಿನ ಚಾದಂಗಡಿ. ಕಟ್ಟೆಯ ಮೇಲೆ ಊರಿನ ನಾಲ್ಕೈದು ಜನ ಸ್ಟೀಲ್ ಲೋಟ ಹಿಡಿದು ಕೂತಿದ್ದರು.

"ಬರ್ರಿ ಅಕ್ಕಾರ, ಯಾವೂರ್ರಿ?" ಅಂಗಡಿಯವನು ಕೇಳಿದ.

"ಮಾನ್ವಿ," ಅಂದಳು ಸುಧಾ.

"ಯಾವ ಓಣಿ?"

ನಮ್ಮ ಕಡೆ ಜಾತಿ ಕೇಳುವುದು ಅಸಭ್ಯ, ಓಣಿ ಕೇಳುವುದು ಮರ್ಯಾದೆ. ಓಣಿ ಹೇಳಿದರೆ ಉಳಿದದ್ದೆಲ್ಲ ಹೇಳಿದಂತೆಯೇ. ಸುಧಾ "ಹನುಮಪ್ಪನ ಗುಡಿ ಓಣಿ" ಅಂದಳು. ನಾನು, "ನನ್ನ ತವರು ದೇವದುರ್ಗ ಕಡಿ. ಈಗ ಮಾನ್ವ್ಯಾಗ ಬುದ್ಧವಿಹಾರದ ಹಿಂದ ಮನಿ," ಅಂದೆ. ಅವನು ತಲೆಯಾಡಿಸಿದ. ಸುಧಾಳಿಗೆ ಸ್ಟೀಲ್ ಲೋಟ ತೊಳೆದು, ಮತ್ತೊಮ್ಮೆ ತೊಳೆದು, ಚಾ ಹಾಕಿದ. ನನಗೆ ಕಾಗದದ್ದು.

"ನನಗೂ ಕಾಗದದ್ದರಾಗ ಕೊಡ್ರಿ," ಅಂದಳು ಸುಧಾ ಎಂದಿನಂತೆ. ಅವನು ಕೊಟ್ಟ.

ಇಬ್ಬರ ಕೈಯಲ್ಲೂ ಒಂದೇ ಥರದ ಲೋಟ. ಅವಳದು ಊರಿನವರಿಂದ ಅವಳನ್ನು ಕಾಯುವುದಕ್ಕೆ. ನನ್ನದು ನನ್ನಿಂದ ಊರನ್ನು ಕಾಯುವುದಕ್ಕೆ. ನಾನು ಲೋಟ ಕೆಳಗಿಟ್ಟೆ. "ನನಗ ಸ್ಟೀಲ್ ಲೋಟದಾಗ ಬೇಕ್ರಿ."

"ಖಾಲಿ ಇಲ್ರೀ ಅಕ್ಕಾರ." ಅವನ ಬೆನ್ನ ಹಿಂದೆ ಲೋಟಗಳು ಬೋರಲು ಬಿದ್ದಿದ್ದವು.

"ಖಾಲಿ ಆಗೂತನಕ ಕುಂದರ್ತೀನಿ ತಗೋರಿ."

ಮಕ್ಕಳ ಕೈಯಲ್ಲಿ ಮಗ್ಗಿ ಹೇಳಿಸಿ ಹೇಳಿಸಿ ನನಗೆ ತಾಳ್ಮೆ ರೂಢಿಯಾಗಿದೆ. ತಾಳ್ಮೆಯೆಂದರೆ ಸೋಲು ಎಂದು ಅವನು ತಿಳಿದಿದ್ದರೆ ಅದು ಅವನ ತಪ್ಪು. ಕೂತೆ. ಬಿಸಿಲೇರಿತು.

"ಏಳು ಬೇ, ಹೊತ್ತಾಗ್ತದ," ಸುಧಾ ಪಿಸುಗುಟ್ಟಿದಳು. "ಕಾಗದದ್ದ ಸ್ವಚ್ಛ ಇರ್ತದ. ನಾನೂ ಅದರಾಗ ಕುಡದೆ ಅಲ್ಲ?"

ಆ ಅಂಗಡಿಯವನ ಮೇಲೆ ಬಂದ ಸಿಟ್ಟಿಗಿಂತ ಈ ಮಾತಿನ ಮೇಲೆ ಬಂದದ್ದು ಹೆಚ್ಚು. "ನೀ ಕೇಳಿ ಇಸಗೊಂಡಿ. ನನಗ ಕೇಳದ ಕೊಟ್ಟಾನ," ಅಂದೆ.

ಕೊನೆಗೆ ಕಟ್ಟೆಯ ಮೇಲಿನ ಮುದುಕ ಒಬ್ಬ, "ಲೇ, ಕೊಟ್ಟು ಕಳಸಲೇ, ಕಿರಿಕಿರಿ ಯಾಕ," ಅಂದ. ನ್ಯಾಯಕ್ಕಲ್ಲ, ಕಿರಿಕಿರಿಗೆ. ಸ್ಟೀಲ್ ಲೋಟ ಬಂತು. ಕುಡಿದೆ. ಏಳುವಾಗ ಅಂಗಡಿಯವನು, "ಲೋಟ ತೊಳದಿಡ್ರಿ," ಅಂದ.

"ಅವರೆಲ್ಲಾ ತೊಳದಿಟ್ಟಾರೇನು?" ಅಂದವಳೇ ಲೋಟವನ್ನು ಅಲ್ಲೇ ಇಟ್ಟು ಸೈಕಲ್ ಹತ್ತಿರ ನಡೆದೆ.

ಏರಿಯ ಮೇಲೆ ಸುಧಾ ಮುಂದೆ, ನಾನು ಹಿಂದೆ. ಮುಂದಿನ ಹಳ್ಳದ ಹತ್ತಿರ ಇಳಿದಾಗ ಅವಳು ಅಂದಳು: "ಅವಾ ಮಾಡಿದ್ದು ತಪ್ಪು. ಆದರ ನಿಮ್ಮನ್ಯಾಗ ನಾ ಕಾಗದದ್ದರಾಗ ಕುಡಿಯೂದು ಬ್ಯಾರೆ."

"ಏನು ಬ್ಯಾರೆ?"

ಅವಳು ಸೈಕಲ್ ನೂಕಿಕೊಂಡು ದಂಡೆ ಹತ್ತಿದಳು. ಸಂಜೆ ರಾಯಚೂರು ಮುಟ್ಟಿದೆವು. ಇಬ್ಬರಲ್ಲಿ ಒಬ್ಬರೂ ಹಿಗ್ಗಲಿಲ್ಲ. ಆಮೇಲೆ ಶಾಲೆಯಲ್ಲಿ ಪಾಠದ ಮಾತು, ಪರೀಕ್ಷೆಯ ಮಾತು, ಅಷ್ಟೇ. ನಮ್ಮ ಮನೆಯ ಕಡೆ ಅವಳು ಕಾಲಿಟ್ಟಿರಲಿಲ್ಲ.

ನಿನ್ನೆ ಸಂಜೆ ಫೋನು ಮಾಡಿದಳು. "ನಾಳೆ ಬರ್ಲೇನು?"

"ಬಾ," ಅಂದೆ.

ಅದಕ್ಕೇ ಬೆಲ್ಲ ಹುಡುಕುತ್ತಿದ್ದದ್ದು. ಅವಳಿಗೆ ಬೆಲ್ಲದ ಚಾ ಸೇರುತ್ತದೆ. ಸಿಕ್ಕ ಪೊಟ್ಟಣವನ್ನು ನೀರೊಲೆಗೆ ಹಾಕಿದೆ, ಭರ್ರೆಂದು ಉರಿಯಿತು. ಸುಧಾ ಬಂದಳು, ಕೂತಳು. ಈ ಸಲ ನಾನು ಏನನ್ನೂ ಕೇಳಲಿಲ್ಲ. ಎರಡು ಸ್ಟೀಲ್ ಲೋಟಕ್ಕೆ ಚಾ ಸೋಸಿ ಒಂದನ್ನು ಅವಳ ಮುಂದಿಟ್ಟೆ. ಅವಳು ಹಲಗೆಯ ಕಡೆ ನೋಡಿದಳು, ಲೋಟದ ಕಡೆ ನೋಡಿದಳು. ಆಮೇಲೆ ಸೆರಗಿನ ತುದಿ ಸುತ್ತಿ ಲೋಟ ಎತ್ತಿದಳು.

ಮೊದಲಾಗಿದ್ದರೆ ಸುಮ್ಮನಿರುತ್ತಿದ್ದೆ. "ಸುಧಾ, ಸೆರಗು ಬಿಸಿಗೆ ಹಿಡದಿಯೋ, ನನಗ ಹಿಡದಿಯೋ?"

ಅವಳ ಮುಖ ಕೆಂಪಾಯಿತು. ಲೋಟ ಕೆಳಗಿಟ್ಟಳು. ಎದ್ದು ಹೋಗುತ್ತಾಳೆ ಅಂದುಕೊಂಡೆ. ಸೆರಗು ಬಿಡಿಸಿ ಹೆಗಲಿಗೆ ಎಳೆದುಕೊಂಡು, ಬರಿಗೈಯಲ್ಲಿ ಲೋಟ ಹಿಡಿದು ತುಟಿಗೆ ಒಯ್ದಳು.

"ಕೈ ಸುಡ್ತದ ಬೇ."

"ಸುಡಲಿ," ಅಂದೆ. ಲೋಟ ಹಿಡಿದ ನನ್ನ ಕೈಯೂ ಸುಡುತ್ತಿತ್ತು.