ಇಪ್ಪತ್ತು ಜೊತೆ ಕೈಗವಸು

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವರಲ್ಲಿ ನಾನೇ ಮೊದಲಿಗಳು. ಅಪ್ಪ ದಾವಣಗೆರೆಯಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದರು, ಅಮ್ಮ ಮಂಡಕ್ಕಿ ಭಟ್ಟಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಓದು ನನಗೆ ಕಲಿಸಿದ್ದೇನು ಎಂದರೆ, ಅರ್ಜಿ ಬರೆಯುವುದು ಮತ್ತು ‘ಇಲ್ಲ’ ಎಂದವರ ಬಾಗಿಲಿಗೆ ನಾಚಿಕೆಯಿಲ್ಲದೆ ಮತ್ತೆ ಹೋಗುವುದು. ಸ್ವೀಡನ್ನಿನಲ್ಲಿ ನನ್ನ ಮಗಳಿಗಾಗಿ ಆ ವಿದ್ಯೆಯನ್ನು ಪೂರ್ತಿ ಬಳಸಿದೆ.

ಮಗಳಿಗೆ ಆಗ ಎಂಟು ವರ್ಷ. ಹುಟ್ಟಿನಿಂದ ಕಿವಿ ಕೇಳಿಸದು. ಟ್ರೋಲ್‌ಹೆಟ್ಟನ್‌ನ ಅವಳ ಶಾಲೆಯಲ್ಲಿ ಸನ್ನೆಭಾಷೆ ಆಡುವ ಮಗು ಅವಳೊಬ್ಬಳೇ. ಪಕ್ಕದಲ್ಲಿ ಕೂರಲು ಒಬ್ಬ ಸಹಾಯಕಿ ಇದ್ದಳು, ಗೆಳತಿ ಇರಲಿಲ್ಲ. ಚಳಿಗಾಲದ ರಜೆ ಹತ್ತಿರ ಬಂದಾಗ ತರಗತಿಯವರೆಲ್ಲ ಸ್ಕೀಯಿಂಗ್‌ಗೆ ಹೊರಟರು. ಅವಳು ಮನೆಗೆ ಬಂದು ಕೈಯಲ್ಲೇ ಕೇಳಿದಳು: "ನಾನು ಹೋದ್ರೆ ಯಾರ ಜೊತೆ ಮಾತಾಡ್ಲಿ?"

ಓರೆಬ್ರೂನಲ್ಲಿ ಪಾಲಕರಿಗೆಂದು ನಡೆಯುವ ಸನ್ನೆಭಾಷೆ ತರಗತಿಗೆ ನಾನು ಹೋಗುತ್ತಿದ್ದೆ. ಅಲ್ಲಿ ಫಿಕಾಕ್ಕೆ, ಅಂದರೆ ಕಾಫಿ ವಿರಾಮಕ್ಕೆ ಕೂತಾಗ, ಬೆಟ್ಟದ ರೆಸಾರ್ಟುಗಳು ಕೈಗೆಟುಕವು ಎಂಬುದು ಎಲ್ಲರ ದೂರು. "ಹಾಗಾದ್ರೆ ನಾವೇ ಮಾಡೋಣ" ಎಂದುಬಿಟ್ಟೆ. ರಜೆಯ ಗದ್ದಲ ಮುಗಿದ ಮೇಲೆ ಖಾಲಿ ಬೀಳುವ ಶಿಬಿರದ ಮನೆಯೊಂದನ್ನು ನಾಲ್ಕು ದಿನಕ್ಕೆ ಹಿಡಿದೆ. ಹಾಸಿಗೆ ಹೊದಿಕೆ ನಾವೇ ತರುವುದು, ಸರದಿಯಲ್ಲಿ ಅಡುಗೆ, ಕೊನೆಗೆ ನಾವೇ ನೆಲ ಒರೆಸುವುದು. ಸ್ಕೀಗಳನ್ನು ಕೊಮ್ಯೂನ್‌ನವರು, ಅಂದರೆ ನಗರಸಭೆಯವರು, ಎರವಲು ಕೊಟ್ಟರು, ಅದೂ ನನ್ನ ಮೂರನೆಯ ಪತ್ರಕ್ಕೆ. ಕಲಿಸಲು ಕಿವಿ ಕೇಳಿಸದ ಒಬ್ಬ ಬಡಗಿ ಒಪ್ಪಿದ. "ಹೊಟ್ಟೆ ತುಂಬ ಊಟ ಹಾಕು, ಸಾಕು" ಎಂದು ಸನ್ನೆ ಮಾಡಿದ. ಏಳು ಕುಟುಂಬಗಳು ಹೊರಟವು.

ಊರಿಂದ ಅಮ್ಮ ಫೋನಿನಲ್ಲಿ ಬೈದಳು: "ಕೂಸನ್ನ ಐಸ್ ಮ್ಯಾಲೆ ಜಾರಿಸಾಕೆ ಹೊಂಟೀಯಾ? ಇದಕ್ಕೇನಾ ನಿನ್ನ ಓದ್ಸಿದ್ದು?"

ಆ ಬೈಗುಳಕ್ಕೋ ಏನೋ, ನನಗೆ ಚಳಿಯ ಭಯ ಹತ್ತಿತು. ಸೇಲ್‌ನಲ್ಲಿ ಇಪ್ಪತ್ತು ಜೊತೆ ದಪ್ಪ ಕೈಗವಸು ತಂದೆ, ಹೆಬ್ಬೆರಳೊಂದು ಬಿಟ್ಟು ಉಳಿದ ಬೆರಳೆಲ್ಲ ಒಂದೇ ಚೀಲದೊಳಗೆ ಹೋಗುವಂಥದ್ದು.

"ಏನೇ, ಅಂಗಡಿ ಇಡ್ತೀಯಾ?" ಎಂದ ಗಂಡ.

"ಮಕ್ಕಳ ಕೈ ಮರಗಟ್ಟಿದ್ರೆ ನೀನು ಬಂದು ಊದ್ತೀಯಾ?" ಎಂದೆ.

ಮೊದಲ ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲಿ ಬಾಯಲ್ಲಿ ಬ್ರೆಡ್ ತುಂಬಿಕೊಂಡೇ ಕೈಯಲ್ಲಿ ಹರಟುತ್ತಿದ್ದ ಮಕ್ಕಳು, ನಾನು ಕೈಗವಸು ತೊಡಿಸಿ, ಕೋಲು ಹಿಡಿಸಿ ಹೊರಗೆ ನಿಲ್ಲಿಸಿದ ಕೂಡಲೇ ಗೊಂಬೆಗಳಂತಾದರು. ಕೆಂಪು ಟೋಪಿಯ ಹುಡುಗಿಯೊಬ್ಬಳು ಮಗಳ ಮುಂದೆ ಬಂದು ಏನೋ ಕೇಳಿದಳು. ಎರಡು ದಪ್ಪ ಮುಷ್ಟಿಗಳು ಗಾಳಿಯಲ್ಲಿ ಆಡಿದವು. ಮಗಳಿಗೆ ಅರ್ಥವಾಗಲಿಲ್ಲ. ಅವಳೂ ತನ್ನ ಮುಷ್ಟಿಗಳನ್ನು ಎತ್ತಿ ಇಳಿಸಿದಳು. ಹುಡುಗಿ ಬೇರೆ ಕಡೆ ತಿರುಗಿ ಹೋದಳು. ನಾನು ಇಷ್ಟೆಲ್ಲ ಒದ್ದಾಡಿದ್ದೇ ಅವಳಿಗೊಬ್ಬಳು ಗೆಳತಿ ಸಿಗಲಿ ಎಂದು.

ಬಡಗಿ ಬಂದು ಸಾಲನ್ನು ನೋಡಿದ. ತನ್ನ ಗವಸನ್ನು ಹಲ್ಲಿನಿಂದ ಕಿತ್ತು ಕೇಳಿದ: "ಮಕ್ಕಳ ಬಾಯಿ ಕಟ್ಟಿದ್ದು ಯಾರು?"

"ನಾನೇ. ಚಳಿ ಅಂತ."

"ಚಳಿಯಾದ್ರೆ ಅಳ್ತಾರೆ, ಬಿಡು. ಮಾತಿಲ್ಲದೆ ಜಗಳ ಹೇಗೆ ಆಡ್ತಾರೆ?"

ಇಷ್ಟು ವರ್ಷ ಸನ್ನೆಭಾಷೆ ಕಲಿತವಳು ನಾನು! ನಾಚಿಕೆಯೂ ನಗುವೂ ಒಟ್ಟಿಗೆ ಬಂದವು. ಕೋಲುಗಳನ್ನೆಲ್ಲ ಕಿತ್ತು ಒಂದು ಕಡೆ ರಾಶಿ ಹಾಕಿದೆವು. ತಾಯಂದಿರೆಲ್ಲ ಊಟದ ಮೇಜಿಗೆ ಕೂತು ಗವಸಿನ ಜೊತೆಗಳಿಗೆ ದಾರ ಪೋಣಿಸಿ ಮಕ್ಕಳ ಕೊರಳಿಗೆ ಹಾಕಿದೆವು. ಒಳಗೆ ಮನೆಯಿಂದ ತಂದಿದ್ದ ತೆಳು ಉಣ್ಣೆಯ, ಬೆರಳಿರುವ ಗವಸು. ಮಾತು ಬಂದಾಗ ದಪ್ಪದ್ದನ್ನು ಕೊಡವಿದರೆ ಎದೆಯ ಮೇಲೆ ಜೋತಾಡುತ್ತದೆ.

ಬಡಗಿ ಮಕ್ಕಳ ಕಡೆ ಮುಖ ಮಾಡಿ, ಹಿಮ್ಮುಖವಾಗಿ ಜಾರುತ್ತ ಕಲಿಸಿದ: ಮಂಡಿ ಬಗ್ಗಿಸಿ, ಸ್ಕೀ ತುದಿ ಕೂಡಿಸಿ, ನನ್ನನ್ನೇ ನೋಡಿ. ಅವನಿಂದ ಕಣ್ಣು ತೆಗೆದ ಮಗು ಮರುಕ್ಷಣವೇ ಹಿಮದಲ್ಲಿ ಕೂತಿರುತ್ತಿತ್ತು. ಹಾಗೆ ಮಗಳೂ ಕೆಂಪು ಟೋಪಿಯವಳೂ ಒಬ್ಬರ ಮೇಲೊಬ್ಬರು ಬಿದ್ದರು. ಬಿದ್ದಲ್ಲೇ ಗವಸು ಕೊಡವಿ ಶುರುಹಚ್ಚಿದರು.

"ನೀನೇ ದಬ್ಬಿದ್ದು!"

"ನಿನ್ನ ಕಾಲು ನನ್ನ ಮೇಲಿದೆ, ಎಮ್ಮೆ!"

ನಾನು ಜಗಳ ಬಿಡಿಸಲು ಓಡಹೊರಟೆ. ಗಂಡ ತೋಳು ಹಿಡಿದ: "ಬಿಡೇ. ಜೀವನದಲ್ಲಿ ಮೊದಲ ಸಲ ಸಮಜೋಡಿ ಸಿಕ್ಕಿದೆ. ಆಡ್ಲಿ."

ಮಧ್ಯಾಹ್ನ ನನ್ನ ಸರದಿ, ಬಿಸಿಬೇಳೆ ಬಾತ್. ಮಗಳು ಕೈಯಿಂದ ಕಲಸಿ ತಿನ್ನುವವಳು. ಬಲಗೈ ಅನ್ನದಲ್ಲಿದ್ದರೆ ಮಾತು ಎಡಗೈಗೆ ಬೀಳುತ್ತದೆ, ತೊದಲುತ್ತದೆ. ಕೆಂಪು ಟೋಪಿಯವಳು ಕಣ್ಣರಳಿಸಿ ನೋಡಿ, ಫೋರ್ಕ್ ಬದಿಗಿಟ್ಟು ತಾನೂ ಕೈ ಹಾಕಿದಳು. ಇಬ್ಬರೂ ಒಂದೊಂದು ಕೈಯಲ್ಲಿ ತೊದಲುತ್ತ, ಗಲ್ಲದ ತುಂಬ ಬಾತ್ ಮೆತ್ತಿಕೊಂಡು, ಊಟ ಮುಗಿಸಲು ಒಂದು ಗಂಟೆ ತೆಗೆದುಕೊಂಡರು.

ಕೊನೆಯ ದಿನ ನೆಲ ಒರೆಸಿ ಮುಗಿಸಿ, ಎರಡು ಲೋಟ ಬಿಸಿ ಚಾಕೊಲೇಟ್ ಹಿಡಿದು ಹೊರಬಂದೆ. ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದರು. ನನ್ನನ್ನು ಕಂಡದ್ದೇ ಮಗಳು ಗಬಕ್ಕನೆ ಬೆನ್ನು ತಿರುಗಿಸಿ, ಮೈಯನ್ನೇ ಮರೆ ಮಾಡಿ ಕೈ ಆಡಿಸಿದಳು. ಎಂಟು ವರ್ಷದಲ್ಲಿ ಅವಳ ಒಂದು ಮಾತೂ ನನ್ನ ಕಣ್ಣು ತಪ್ಪಿರಲಿಲ್ಲ. ಭುಜದ ಮೇಲಿಂದ ಒಂದು ಕೈ ಮಾತ್ರ ನನ್ನತ್ತ ಬಂತು: "ನೋಡ್ಬೇಡಮ್ಮ. ಗುಟ್ಟು."

ನಾನು ಬೆಟ್ಟದ ಕಡೆ ತಿರುಗಿ ನಿಂತೆ. ಅವರು ಮುಗಿಸುವ ಲಕ್ಷಣ ಕಾಣಲಿಲ್ಲ. ಎರಡೂ ಲೋಟ ನಾನೇ ಕುಡಿದೆ.